ಫೋನಿನಲ್ಲಿ ಥೆರಪಿ: ಕಲಿಯುವುದು ಮಗುವಾ, ಅಮ್ಮನಾ?

ಹಾವೇರಿಯ ಅಮ್ಮ: ಮಗನಿಗೆ 5 ವರ್ಷ, ಆಟಿಸಂ ಇದೆ. ಥೆರಪಿಗೆ ವಾರಕ್ಕೆ ಎರಡು ಸಲ ಹುಬ್ಬಳ್ಳಿಗೆ ಹೋಗುತ್ತಿದ್ದೆವು. ಬಸ್ಸಿನ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಅಳುತ್ತಾನೆ. ಈಗ ವಿಡಿಯೋ ಕಾಲ್‌ನಲ್ಲೇ ಮಾಡೋಣ ಅಂದಿದ್ದಾರೆ. ಪರದೆ ಮೇಲೆ ಚಿತ್ರ ಜೋಡಿಸುವ ಆಟ, ಸರಿಯಾದರೆ ನಕ್ಷತ್ರ. ಇದರಿಂದ ನಡವಳಿಕೆ ಬದಲಾಗುತ್ತದಾ? ಮಾಡಿಸಿದವರು ಹೇಳಿ.

ದಾವಣಗೆರೆ ಅಪ್ಪ: ನನಗೆ ನಂಬಿಕೆ ಇಲ್ಲ. ನಮ್ಮ ಮಗಳಿಗೆ ಆಗ 4 ವರ್ಷ. ಟ್ಯಾಬ್‌ನಲ್ಲಿ ಲೋಟ, ತಟ್ಟೆ, ಚಮಚ ಎಲ್ಲ ಸರಿಯಾಗಿ ಮುಟ್ಟುತ್ತಿದ್ದಳು. ಅಡುಗೆಮನೆಯಲ್ಲಿ 'ಲೋಟ ಕೊಡು ಪುಟ್ಟಿ' ಅಂದರೆ ಸುಮ್ನೆ ನಿಲ್ಲುತ್ತಿದ್ದಳು. ಟ್ಯಾಬ್ ತೆಗೆದುಕೊಂಡರೆ ರಂಪ. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಥೆರಪಿ ಹೆಸರಲ್ಲಿ ನಾವೇ ಕೊಡುವುದಾ?

ಮೈಸೂರಿನ ಥೆರಪಿಸ್ಟ್: ಸರ್, ಲೋಟದ ಮಾತು ಪೂರ್ತಿ ನಿಜ. ಪರದೆಯಲ್ಲಿ ಕಲಿತದ್ದು ತಾನಾಗಿ ಅಡುಗೆಮನೆಗೆ ಬರುವುದಿಲ್ಲ. ಅದನ್ನೂ ಕಲಿಸಬೇಕು. ನಾನು ಪರದೆ ಆಟ 5 ನಿಮಿಷ ಮಾತ್ರ ಇಡುತ್ತೇನೆ. ಕೂಡಲೇ ಮನೆಯ ಸ್ಟೀಲ್ ಲೋಟ, ತಟ್ಟೆ ನೆಲಕ್ಕೆ ಬರಬೇಕು. ಫೋನ್ ಡಬ್ಬಕ್ಕೆ ಒರಗಿಸಿಡಲು ಹೇಳುತ್ತೇನೆ. ನಾನು ನೋಡುವುದು ಮಗುವಿಗಿಂತ ಜಾಸ್ತಿ ಅಮ್ಮನ ಕೈಯನ್ನು. ಮೊದಲು ಮಗುವಿನ ಕೈ ಹಿಡಿದು ಮಾಡಿಸುವುದು, ಆಮೇಲೆ ಮೊಣಕೈ ಮುಟ್ಟುವುದು, ಆಮೇಲೆ ಬರೀ ಬೆರಳು ತೋರಿಸುವುದು, ಕೊನೆಗೆ ಏನೂ ಇಲ್ಲ. ಬಹುಮಾನ ಆ ಕ್ಷಣವೇ ಸಿಗಬೇಕು. ನೆಟ್ ನಿಧಾನವಾಗಿ ನಕ್ಷತ್ರ ತಡವಾಗಿ ಬಂತು, ಅಷ್ಟರಲ್ಲಿ ಮಗು ಕಿರುಚಿತು ಅನ್ನಿ. ಕಿರುಚಿದ್ದಕ್ಕೇ ನಕ್ಷತ್ರ ಕೊಟ್ಟ ಹಾಗಾಗುತ್ತದೆ. ಅದಕ್ಕಿಂತ ಅಮ್ಮನ ಕಚಗುಳಿ ಎಷ್ಟೋ ಮೇಲು.

ಶಿರಸಿ ಅಕ್ಕ: ಹಾಗಾದರೆ ಥೆರಪಿ ಮಾಡುವವಳು ಅಮ್ಮನೇ ಆದಳು, ಅಲ್ವಾ? ಅಡುಗೆ, ಹಟ್ಟಿ ಕೆಲಸ, ಇನ್ನೊಂದು ಮಗು, ಅದರ ಮೇಲೆ ಇದು. ಮಳೆಗಾಲದಲ್ಲಿ ಕರೆಂಟ್ ಜೊತೆ ನೆಟ್‌ವರ್ಕೂ ಹೋಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಬೇರೆ ದಾರಿ ಇರಲಿಲ್ಲ, ಮಾಡಿದೆವು. ಈಗಲೂ ಅಷ್ಟೇ ಸಾಕು ಅಂದರೆ ಒಪ್ಪಲಾರೆ. ನಮ್ಮ ತಾಲೂಕಿಗೂ ಥೆರಪಿಸ್ಟ್ ಬೇಕು.

ಮೈಸೂರಿನ ಥೆರಪಿಸ್ಟ್: ಖಂಡಿತ ಬೇಕು ಅಕ್ಕ. ತಲೆ ಚಚ್ಚಿಕೊಳ್ಳುವ, ಕಚ್ಚುವ ಮಕ್ಕಳನ್ನು ನಾನು ಫೋನಿನಲ್ಲಿ ತೆಗೆದುಕೊಳ್ಳುವುದೇ ಇಲ್ಲ. ಎದುರಿಗೇ ನೋಡಬೇಕು.

ಹಾವೇರಿಯ ಅಮ್ಮ: ಇವನು ಕಚ್ಚುವುದಿಲ್ಲ. ಮನೆಯವರಿಗೂ ಕೂರಲು ಹೇಳಿದ್ದೇನೆ, ಒಂದು ದಿನ ನಾನು, ಒಂದು ದಿನ ಅವರು. ಮೇಡಂ, ಅವನಿಗೆ ನೀರೆಂದರೆ ಪ್ರಾಣ. ಬಚ್ಚಲಿನ ಚೊಂಬಿನಿಂದಲೇ ಶುರು ಮಾಡಲಾ?