ಪೇಸ್‌ಮೇಕರ್ ವೈರ್‌ನಿಂದ ವಾಲ್ವ್ ಲೀಕ್ ಆಗ್ತೈತೇನ್ರಿ? ಅಪ್ಪಾರ ಕಾಲ ಬಾವು ಇಳಿವಲ್ದು

ಗದಗ_ಮಂದಿ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಅಪ್ಪಾರಿಗೆ 67 ವರ್ಷ, ಗದಗ ಹತ್ರದ ಹಳ್ಳಿ ನಮ್ದು. ಎರಡು ವರ್ಷದ ಹಿಂದ ಹೊಲದಾಗ ಕಣ್ಣಿಗೆ ಕತ್ತಲಿ ಬಂದು ಬಿದ್ರು, ನಾಡಿ 32 ಇತ್ತು, ಕಂಪ್ಲೀಟ್ ಹಾರ್ಟ್ ಬ್ಲಾಕ್ (ಹೃದಯದ ಮ್ಯಾಲಿನ ಕೋಣಿಯ ಕರೆಂಟ್ ಕೆಳಗ ಮುಟ್ಟಂಗಿಲ್ಲ) ಅಂತ ಹೇಳಿ ಹುಬ್ಬಳ್ಳ್ಯಾಗ ಪೇಸ್‌ಮೇಕರ್ ಹಾಕಿದ್ರು. ಅವತ್ತಿಂದ ತಲಿ ತಿರುಗೂದು ಬಂದ್ ಆತು, ಆರಾಮ ಅಡ್ಡಾಡಕೋತ ಇದ್ರು. ಈಗ ನಾಕು ತಿಂಗಳಿಂದ ಕಾಲು ಬಾಯಾಕ ಹತ್ತ್ಯಾವ, ಮುಂಜಾನಿ ಹಾಕ್ಕೊಂಡ ಚಪ್ಪಲಿ ಸಂಜಿಕ ಹಿಡ್ಸಂಗಿಲ್ಲ, ಮೊಣಕಾಲ ಕೆಳಗ ಬೊಟ್ಟು ಒತ್ತಿದ್ರ ತಗ್ಗು ಬಿದ್ದು ಹಂಗ ಉಳಿತೈತಿ. ಊಟಕ್ಕ ಕುಂತ್ರ ಒಂದ ರೊಟ್ಟಿಗೆ ಹೊಟ್ಟಿ ತುಂಬಿತು ಅಂತಾರ. ಎಕೋದಾಗ (ಹೃದಯದ ಸ್ಕ್ಯಾನ್) ಸಿವಿಯರ್ ಟಿಆರ್, ಅಂದ್ರ ಬಲಗಡೆ ಟ್ರೈಕಸ್ಪಿಡ್ ವಾಲ್ವ್ ಜೋರ್ ಲೀಕ್, ಅಂತ ಬರದಾರ. ಒಬ್ಬ ಡಾಕ್ಟ್ರು ವೈರ್ ವಾಲ್ವಿಗೆ ತಾಗಿರಬೇಕು ಅಂದ್ರು, ಇನ್ನೊಬ್ರು ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದು ನೀರಿನ ಗುಳಗಿ ಬರದು ಕಳಸಿದ್ರು. ಪೇಸ್‌ಮೇಕರ್ ಹಾಕುವಾಗ ಹಿಂಗ ಆಗಬಹುದು ಅಂತ ಯಾರೂ ಒಂದ ಮಾತು ಹೇಳಿದ್ದಿಲ್ಲ ನೋಡ್ರಿ. ನಮ್ಮ ಕಾಕಾ ಅಂತೂ ಆ ವೈರ್ ತಗಿಸಿ ಒಗೀರಿ ಅಂತ ಹಟಾ ಹಿಡದ ಕುಂತಾರ. ತಗಿಸಬಹುದೇನ್ರಿ?

ಎಕೋ_ರೂಮ್_ಧಾರವಾಡ

ನಾ ಎಕೋ ಟೆಕ್ನಿಷಿಯನ್ರಿ, ಡಾಕ್ಟರ್ ಅಲ್ಲ, ಅದನ್ನ ಮೊದ್ಲ ಹೇಳಿಬಿಡ್ತೀನಿ. ಭುಜದ ಕೆಳಗಿನ ರಕ್ತನಾಳದಾಗ ಬಿಟ್ಟ ವೈರ್ ಹೃದಯದ ಬಲಗಡೆ ಮ್ಯಾಲಿನ ಕೋಣಿಗೆ ಬರ್ತದ, ಅಲ್ಲಿಂದ ಕೆಳಗಿನ ಕೋಣಿಗೆ ಹೋಗಬೇಕಂದ್ರ ನಡುವ ಇರೋ ಟ್ರೈಕಸ್ಪಿಡ್ ವಾಲ್ವ್ ದಾಟಲೇಬೇಕು. ಆ ವಾಲ್ವಿಗೆ ಮೂರು ಎಸಳು. ಮನ್ಯಾಗ ಎಕ್ಸ್‌ಟೆನ್ಷನ್ ವೈರ್ ಬಾಗಲದಾಗಿಂದ ಎಳದಿರ್ತೀವಲ್ಲ, ಮೂಲಿ ಹಿಡದು ಹೋದ್ರ ಬಾಗಲ ಮುಚ್ಚತದ, ನಟ್ಟನಡುವ ಬಿದ್ರ ಸಂದು ಉಳೀತದ, ಹಂಗ ಅಂತ ತಿಳಕೋರಿ. ಬಹಳ ಮಂದ್ಯಾಗ ಎರಡು ಎಸಳ ನಡುವಿನ ಸಂದ್ಯಾಗ ಸುಮ್ಮನ ಕೂತಿರತದ, ಏನೂ ತ್ರಾಸಿಲ್ಲ. ಕೆಲವರೊಳಗ ಎಸಳ ಮ್ಯಾಲನ ಒತ್ತಿ ನಿಲ್ಲತದ, ಇಲ್ಲಾ ಎಸಳ ಹಿಡಕೊಂಡಿರೋ ದಾರದಂಥಾ ಎಳಿಗಳಿಗೆ ತೊಡಕತದ, ದಿನಾ ಹೋದಂಗ ಅಲ್ಲೇ ಅಂಟಿ ಬೆಳದುಬಿಡತದ.

ಆದ್ರ ಸಿವಿಯರ್ ಟಿಆರ್ ಅಂದಕೂಡ್ಲೇ ವೈರಿನ ಮ್ಯಾಲೇ ಹಾಕಬ್ಯಾಡ್ರಿ. ಎಎಫ್ (ಏಟ್ರಿಯಲ್ ಫಿಬ್ರಿಲೇಷನ್) ಇದ್ದು, ಅಂದ್ರ ಬಡಿತ ಹೆಂಗೆಂಗರ ಆಗಿ ಮ್ಯಾಲಿನ ಕೋಣಿ ದೊಡ್ಡದಾಗಿದ್ರ, ಇಲ್ಲಾ ಪುಪ್ಪಸದಾಗ ಪ್ರೆಷರ್ ಏರಿದ್ರ ವಾಲ್ವಿನ ಸುತ್ತಿನ ಉಂಗುರನ ಹಿಗ್ಗಿ ಎಸಳು ಒಂದಕ್ಕೊಂದು ಮುಟ್ಟಂಗಿಲ್ಲ, ಆಗೂ ಹಿಂಗ ಲೀಕ್ ಆಗತದ. ಸ್ಕ್ರೀನ್ ಮ್ಯಾಲ ನಮಗ ಎರಡೂ ಕಡೆ ನೀಲಿ ಬಣ್ಣ ಹಿಂದಕ ಚಿಮ್ಮಿದ್ದಷ್ಟ ಕಾಣ್ತದ. ಸಾದಾ ಎಕೋದಾಗ ವೈರ್ ಬೆಳ್ಳಗ ಮಿಂಚಿ ಅದರ ನೆರಳು ಬಿದ್ದು ಎಸಳ ಸರಿ ಕಾಣಂಗಿಲ್ಲ, ಅದಕ್ಕ ತ್ರೀಡಿ ಎಕೋ ಇಲ್ಲಾ ಗಂಟಲದೊಳಗ ಪೈಪ್ ಬಿಟ್ಟು ಮಾಡೋ ಎಕೋ ಬೇಕಾಗತದ. ಪೇಸ್‌ಮೇಕರ್ ಹಾಕೂಕಿಂತ ಮೊದಲಿನ ಎಕೋ ರಿಪೋರ್ಟ್ ಐತೇನ್ರಿ? ಅದು ಸಿಕ್ರ ಅರ್ಧಾ ಉತ್ತರ ಸಿಕ್ಕಂಗ.

ಹಾವೇರಿ_ಏಲಕ್ಕಿ

ನಮ್ಮವ್ವಂದು ಬ್ಯಾರೇ ಕಥಿ, ಆದ್ರ ಹೇಳ್ತೀನಿ, ನಿಮಗ ಉಪಯೋಗ ಆಗಬಹುದು. ಅಕಿಗೆ ಬಲಗಡೆ ವಾಲ್ವ್ ಚಲೋ ಇತ್ತು, ಎಡಗಡೆ ಮೈಟ್ರಲ್ ಲೀಕ್ ಆಗಾಕ ಹತ್ತಿತ್ತು, ಎರಡು ಮೆಟ್ಟಲ ಏರಿದ್ರ ತೇಕು. ವೈರ್ ತುದಿ ಬಲಗಡೆ ಕೋಣಿಯ ತಳದಾಗ ಇತ್ತಂತ, ಅಲ್ಲಿಂದ ಕರೆಂಟ್ ಹೊಂಟ್ರ ಬಲಗಡೆ ಮೊದ್ಲ ಹಿಂಡಿ ಎಡಗಡೆ ಆಮ್ಯಾಲ ಹಿಂಡ್ತೈತಿ, ಎತ್ತಿನ ಜೋಡಿ ಒಂದು ಮುಂದ ಒಂದು ಹಿಂದ ಜಗ್ಗಿದಂಗ. ದಿನಾ ಹಂಗ ಆಗಿ ಹೃದಯದ ಪಂಪಿಂಗ್ ಶೇಕಡಾ 60 ಇದ್ದದ್ದು 38ಕ್ಕ ಬಂತು. ಆಮ್ಯಾಲ ಎಡಗಡೆಗೂ ಒಂದು ವೈರ್ ಹಾಕಿದ್ರು, ಅದು ಹೃದಯದ ಹೊರಗಿನ ನಾಳದಾಗಿಂದ ಹೋಗ್ತೈತಿ, ಟ್ರೈಕಸ್ಪಿಡ್ ದಾಟಂಗಿಲ್ಲ. ಈಗ ಸಂತಿಗೆ ತಾನ ಹೋಗಿ ಬರ್ತಾಳ. ನೀವು ಪೇಸ್‌ಮೇಕರ್ ಚೆಕಪ್‌ದಾಗ ಶೇಕಡಾ ಎಷ್ಟು ಪೇಸಿಂಗ್ (ಮಷೀನ್ ಬಡಿಸಿದ ಬಡಿತ) ಆಗೇತಿ ಅಂತ ಕೇಳ್ರಿ, ಮಷೀನ್‌ದಾಗ ಎಲ್ಲಾ ಬರ್ತೈತಿ. ಕೇಳಲಿಲ್ಲಂದ್ರ ಹೇಳಂಗಿಲ್ಲ ಅವ್ರು.

ಹುಬ್ಳಿ_ಟೆಕ್ಕಿ

ಈಗ ವೈರ್ ಇಲ್ಲದ ಪೇಸ್‌ಮೇಕರೇ ಬಂದೈತಲ್ರಿ, ಗುಳಗಿ ಗಾತ್ರದ್ದು, ತೊಡಿ ನರದಾಗಿಂದ ಒಳಗ ಬಿಡ್ತಾರ, 2016ರಾಗ ಅಮೆರಿಕದಾಗ ಒಪ್ಪಿಗಿ ಸಿಕ್ಕೇತಿ. ಹಳೇದನ್ನ ಕಿತ್ತು ಅದನ್ನ ಹಾಕಸ್ರಿ, ಮುಗೀತು.

ಎಕೋ_ರೂಮ್_ಧಾರವಾಡ

ತಮ್ಮಾ, ಕಿತ್ತೂದು ಅಷ್ಟು ಹಗುರಲ್ಲ. ವರ್ಷ ದಾಟಿದ ವೈರ್ ನರಕ್ಕ, ಎಸಳಿಗೆ ಎಲ್ಲಾ ಅಂಟಿರತದ. ಎಳಿಯಾಕ ಹೋದ್ರ ಎಸಳನ ಹರಿದು ಲೀಕ್ ಇನ್ನೂ ಹೆಚ್ಚಾಗಬಹುದು, ನರ ಹರದು ಜೀವಕ್ಕೂ ಬರಬಹುದು. ಮ್ಯಾಲಾಗಿ ಇವರ ಅಪ್ಪಾರದ್ದು ಕಂಪ್ಲೀಟ್ ಬ್ಲಾಕ್, ಬದಲಿ ವ್ಯವಸ್ಥಾ ಇಲ್ಲದ ವೈರ್ ಮುಟ್ಟಾಕ ಬರಂಗಿಲ್ಲ. ನೀವ್ ಹೇಳಿದ್ದೂ ಬಲಗಡೆ ಕೋಣ್ಯಾಗನ ಕೂಡತದ, ಅಲ್ಲಿಂದನ ಬಡಸತದ, ಹಾವೇರಿಯವರು ಹೇಳಿದ ತ್ರಾಸು ಅದರಾಗೂ ಇದ್ದದ್ದ. ಎಡಗಡೆ ವಿದ್ಯುತ್ ದಾರಿ ಹತ್ರನ ತುದಿ ಕೂಡಸೋ ಹೊಸಾ ಪದ್ಧತಿ ಅದ, ಎರಡೂ ಕಡೆ ಒಂದ ವ್ಯಾಳೇಕ ಹಿಂಡತದ, ಆದ್ರ ಆ ವೈರೂ ಇದ ವಾಲ್ವ್ ದಾಟೇ ಹೋಗಬೇಕು. ತಮಾಷಿ ಏನಂದ್ರ 1958ರಾಗ ಸ್ವೀಡನ್‌ದಾಗ ಮನುಷ್ಯಾಗ ಮೊಟ್ಟಮೊದ್ಲ ಪೇಸ್‌ಮೇಕರ್ ಹಾಕಿದಾಗ ಎದಿ ತಗದು ವೈರನ್ನ ಹೃದಯದ ಹೊರಗಿಂದ ಹೊಲದಿದ್ರು, ವಾಲ್ವಿನ ತಂಟೇನ ಇದ್ದಿಲ್ಲ. ಆ ಪೇಷಂಟ್ 2001ರ ತನಕ ಬದುಕಿದ್ದ, ಅಷ್ಟೊತ್ತಿಗೆ 26 ಪೇಸ್‌ಮೇಕರ್ ಬದಲಾಗಿದ್ವು!

ಗದಗ_ಮಂದಿ

ಎಲ್ಲಾರಿಗೂ ಥ್ಯಾಂಕ್ಸ್‌ರಿ. ಟ್ರಂಕ್‌ನ್ಯಾಗ ಹುಡುಕಿ ಹುಡುಕಿ ಹಳೇ ರಿಪೋರ್ಟ್ ಸಿಕ್ತು, ಆಧಾರ್ ಜೆರಾಕ್ಸ್ ನಡುವ ಮಡಚಿತ್ತು. ಪೇಸ್‌ಮೇಕರ್ ಹಾಕೂ ಹಿಂದಿನ ದಿನದ್ದು, ಮೈಲ್ಡ್ ಟಿಆರ್ ಅಂತ ಬರದಾರ, ಎಎಫ್ ಇಲ್ಲ. ಇದನ್ನ ಇಬ್ಬರೂ ಡಾಕ್ಟ್ರು ಕೇಳಿದ್ದ ಇಲ್ಲ, ನಾವೂ ತೋರ್ಸಿದ್ದಿಲ್ಲ. ಸೋಮವಾರ ಎರಡೂ ರಿಪೋರ್ಟ್ ತಗೊಂಡು ಹೊಂಟೀವಿ, ತ್ರೀಡಿ ಎಕೋ ಮತ್ತ ಪೇಸಿಂಗ್ ಚೆಕಪ್ ಎರಡೂ ಕೇಳ್ತೀನಿ. ಕಾಕಾಗ ಕೀಳೂ ಮಾತು ಬಿಡ್ರಿ ಅಂತ ಹೇಳೇನಿ. ನೀರಿನ ಗುಳಗಿ ನಡದೈತಿ, ಉಪ್ಪು ಕಡಿಮಿ ಮಾಡ್ರಿ ಅಂದ್ರ ಅಪ್ಪಾರು ರೊಟ್ಟಿ ಜೋಡಿ ಉಪ್ಪಿನಕಾಯಿ ಬಿಡವಲ್ರು, ಅವ್ವ ಭರಣಿ ಒಯ್ದು ಬಾಜೂ ಮನ್ಯಾಗ ಇಟ್ಟಾಳ.