ಪುಟದ ಮೇಲೆ ಮುಂದಿನ ಪುಟದ ಪದ ಬರ್ತಾ ಉಂಟು, ಎಂತ ಮಾಡುದು?

ಕುಂಜಿಬೆಟ್ಟು_ಹುಡುಗ:
ಅಜ್ಜ ಒಟ್ಟು ಮಾಡಿದ ತುಳು ಪದಗಳನ್ನು ಕನ್ನಡ ಅರ್ಥದ ಜೊತೆ ಲುವಾಲೇಟೆಕ್ ಅನ್ನುವ ಪುಸ್ತಕ ಜೋಡಿಸುವ ಸಾಫ್ಟ್‌ವೇರ್‌ನಲ್ಲಿ ಕೂರಿಸ್ತಾ ಇದ್ದೇನೆ, ಪುಸ್ತಕಕ್ಕೆ ಅಂತ ಇರುವ ಬುಕ್ ಕ್ಲಾಸ್, ಹೆಡರ್‌ಗೆ (ಪುಟದ ತಲೆಯ ಸಾಲಿಗೆ) ಫ್ಯಾನ್ಸಿ ಹೆಡರ್ (fancyhdr) ಪ್ಯಾಕೇಜ್. ನಿಘಂಟಲ್ಲಿ ಇರ್ತದಲ್ಲ, ಪುಟದ ತಲೆಯಲ್ಲಿ ಆ ಪುಟದ ಪದ, ಹಾಗೆ ಬೇಕು. ಪ್ರತಿ ಪದ ಬಂದಾಗಲೂ ಒಂದು ಮ್ಯಾಕ್ರೋದಲ್ಲಿ (ನಾವೇ ಹೆಸರಿಟ್ಟ ಕಮಾಂಡಲ್ಲಿ) ಆ ಪದ ತುಂಬಿಸಿ ಅದನ್ನೇ ಹೆಡರ್‌ಗೆ ಕೊಟ್ಟೆ. ಆದ್ರೆ ‘ಬಂಗುಡೆ’ಯಿಂದ ‘ಬರ್ಸ’ದವರೆಗಿನ ಪುಟದ ಮೇಲೆ ‘ಬಲೆ’ ಅಂತ ಬಂದಿದೆ, ಬಲೆ ಇರುದು ಮುಂದಿನ ಪುಟದಲ್ಲಿ! ಎಂತ ಸಾವು ಮಾರಾಯ್ರೆ ಇದು. ನಾಡಿದ್ದು ಪ್ರೆಸ್ಸಿಗೆ ಕೊಡ್ಬೇಕು.

ಅಚ್ಚುಮೊಳೆ:
ನಿಮ್ಮ ಮ್ಯಾಕ್ರೋ ಸುಳ್ಳು ಹೇಳ್ತಾ ಇಲ್ಲ, ನೀವು ಕೇಳಿದ ಹೊತ್ತು ತಪ್ಪು. ಲುವಾಲೇಟೆಕ್‌ನ ಒಳಗೆ ಕೆಲಸ ಮಾಡುವ ಟೆಕ್ ಇಡೀ ಪ್ಯಾರಾ ಓದಿ ಸಾಲು ಮಾಡಿ ಆಮೇಲೆಯೇ ಪುಟ ಎಲ್ಲಿ ಕತ್ತರಿಸುದು ಅಂತ ನೋಡುದು, ಹೆಡರ್ ಹಾಕುವಾಗ ಅದು ಆಗಲೇ ‘ಬಲೆ’ ಓದಿ ಆಗಿರ್ತದೆ. ಅದಕ್ಕೇ ಮಾರ್ಕ್ ಇರುದು. ಅಡಿಕೆ ಗೋಣಿಗೆ ಕಟ್ಟಿದ ಚೀಟಿ ಇದ್ದ ಹಾಗೆ, ಗೋಣಿ ಯಾವ ಲಾರಿಗೆ ಹೋದ್ರೂ ಚೀಟಿಯೂ ಅದರ ಜೊತೆಗೇ.
ಪ್ರತಿ ಪದಕ್ಕೆ ಮಾರ್ಕ್‌ಬೋತ್ ಅನ್ನುವ ಕಮಾಂಡ್ ಕೊಡಿ, ಎರಡೂ ಬ್ರಾಕೆಟಲ್ಲಿ ಅದೇ ಪದ. ಹೆಡರಲ್ಲಿ ರೈಟ್‌ಮಾರ್ಕ್, ಒಂದು ಡ್ಯಾಶ್, ಲೆಫ್ಟ್‌ಮಾರ್ಕ್. ಉಲ್ಟಾ ಬರ್ದಿದ್ದೇನೆ ಅಂತ ತಿದ್ದಲಿಕ್ಕೆ ಹೋಗ್ಬೇಡಿ! ರೈಟ್‌ಮಾರ್ಕ್ ಅಂದ್ರೆ ಪುಟದ ಮೊದಲ ಮಾರ್ಕ್, ಲೆಫ್ಟ್‌ಮಾರ್ಕ್ ಅಂದ್ರೆ ಕೊನೆಯದ್ದು. ಹೆಸರಿಟ್ಟವರಿಗೆ ನಮಸ್ಕಾರ.

ಕುಂಜಿಬೆಟ್ಟು_ಹುಡುಗ:
ಬಂತು ಬಂತು! ಆದ್ರೆ ಎರಡು ಪುಟದಲ್ಲಿ ಕೊನೆ ಪದ ಈಗಲೂ ಮುಂದಿನ ಪುಟದ್ದೇ. ಮತ್ತೆ ‘ಬ’ ಶುರುವಾಗುವ ಪುಟದಲ್ಲಿ ಪದದ ಬದಲು ಸೆಕ್ಷನ್ ನಂಬರ್ ಬಂದು ಕೂತಿದೆ.

ಅಚ್ಚುಮೊಳೆ:
ಮಾರ್ಕನ್ನು ಪ್ಯಾರಾ ಶುರುವಾಗುವ ಮೊದಲೇ ಹಾಕಿದ್ದೀರಿ ಅಲ್ವಾ? ಮಾರ್ಕ್ ಮತ್ತು ಪ್ಯಾರಾದ ನಡುವೆಯೇ ಪುಟ ಮುರೀಲಿಕ್ಕೆ ಆಗ್ತದೆ, ಆಗ ಚೀಟಿ ಇಲ್ಲಿ ಗೋಣಿ ಅಲ್ಲಿ. ಮೊದಲು ದಪ್ಪಕ್ಷರದ ಪದ, ಅದಕ್ಕೆ ತಾಗಿಸಿ ಮಾರ್ಕ್‌ಬೋತ್, ನಡುವೆ ಸ್ಪೇಸ್ ಬೇಡ.
ಸೆಕ್ಷನ್ ತಾನೇ ಒಂದು ಮಾರ್ಕ್ ಹಾಕ್ತದೆ, ಆ ಮಾರ್ಕ್ ಹಾಕುವ ಸೆಕ್ಷನ್‌ಮಾರ್ಕ್ ಕಮಾಂಡನ್ನು ರಿನ್ಯೂಕಮಾಂಡ್ ಕೊಟ್ಟು ಖಾಲಿ ಮಾಡಿ. ಅದು ಪೇಜ್‌ಸ್ಟೈಲ್ ಫ್ಯಾನ್ಸಿ ಸಾಲಿನ *ನಂತರ* ಇರ್ಲಿ, ಮೊದಲು ಬರೆದ್ರೆ ಫ್ಯಾನ್ಸಿ ಅದನ್ನು ಅಳಿಸಿ ತನ್ನದು ಹಾಕ್ತದೆ. ನಾನು ಇದರಲ್ಲಿ ಒಂದು ಆದಿತ್ಯವಾರ ಪೂರ್ತಿ ಕಳೆದವ.

ಹಂಪನಕಟ್ಟೆ:
ನಡುವೆ ಬಾಯಿ ಹಾಕ್ತೇನೆ. ಎರಡು ಕಾಲಮ್ ಮಾಡುದಿದ್ರೆ ಟೆಕ್ ಹಳತಾ ಅಂತ ನೋಡಿ, 2015ರ ಮೊದಲಿನ ಲೇಟೆಕ್‌ನಲ್ಲಿ ಟೂಕಾಲಮ್ ಕೊಟ್ರೆ ಎಡಗಡೆ ಕಾಲಮಿನ ಮಾರ್ಕ್ ಕಳ್ದು ಹೋಗ್ತದೆ. ಮತ್ತೆ ಹೆಡ್‌ಹೈಟ್ (ಹೆಡರ್‌ಗೆ ಇಟ್ಟ ಎತ್ತರ) ಸಾಲುದಿಲ್ಲ ಅಂತ ವಾರ್ನಿಂಗ್ ಬಂದ್ರೆ ಬಿಟ್ಟುಬಿಡ್ಬೇಡಿ, ಇರುದು 12 ಪಾಯಿಂಟ್, ನಮ್ಮ ಒತ್ತಕ್ಷರಕ್ಕೆ ಎಲ್ಲಿ ಸಾಕು? ಅದು ಕೇಳಿದಷ್ಟು ಕೊಟ್ಟು, ಎಷ್ಟು ಹೆಚ್ಚಾಯ್ತೋ ಅಷ್ಟನ್ನು ಟಾಪ್‌ಮಾರ್ಜಿನಲ್ಲಿ ಕಮ್ಮಿ ಮಾಡಿ.

ಕುಂಜಿಬೆಟ್ಟು_ಹುಡುಗ:
ಎಲ್ಲ ಸರಿಯಾಯ್ತು, ಇಬ್ರಿಗೂ ಥ್ಯಾಂಕ್ಸ್. ಪ್ರೂಫ್ ತೋರಿಸಿದ್ರೆ ಅಜ್ಜನಿಗೆ ಹೆಡರ್ ಕಣ್ಣಿಗೇ ಬೀಳ್ಲಿಲ್ಲ, ‘ಬರ್ಸ’ಕ್ಕೆ ಇನ್ನೂ ಎರಡು ಸಾಲು ಸೇರಿಸ್ಬೇಕಂತೆ. ಪುಟ ಎಲ್ಲ ಜಾರ್ತದೆ. ಜಾರ್ಲಿ, ಈಗ ಚೀಟಿಯೂ ಒಟ್ಟಿಗೆ ಜಾರ್ತದಲ್ಲ.