ಸ್ವಂತ ಲಾರಿ, ಸ್ವಂತ ಚಾಲನೆ: ತಿಂಗಳ ಕೊನೆಗೆ ಉಳಿದ 20,000 ರೂಪಾಯಿ ಲಾಭವೇ?

ಪ್ರಶ್ನೆ: ಹತ್ತು ಚಕ್ರ, ರಾಣೆಬೆನ್ನೂರು

ಎಲ್ಲರಿಗೂ ನಮಸ್ಕಾರ. ಎಂಟು ವರ್ಷ ಬೇರೆಯವರ ಲಾರಿ ಓಡಿಸಿದ ಮೇಲೆ, ಈ ವರ್ಷ 2021ರ ಮಾಡೆಲ್ಲಿನ ಹತ್ತು ಚಕ್ರದ ಲಾರಿಯೊಂದನ್ನು 24 ಲಕ್ಷಕ್ಕೆ ಕೊಂಡಿದ್ದೇನೆ. ಅದರಲ್ಲಿ 6 ಲಕ್ಷ ನನ್ನದು. ಉಳಿದ 18 ಲಕ್ಷ ಶೇ. 13ರ ಬಡ್ಡಿಯ ಸಾಲ, ತಿಂಗಳ ಕಂತು 48,000.

ಕಳೆದ ತಿಂಗಳು ತಮಿಳುನಾಡಿನ ನಾಮಕ್ಕಲ್‌ಗೆ ಐದು ಲೋಡು ಮೆಕ್ಕೆಜೋಳ ಒಯ್ದೆ. ಮೂರು ಸಲ ರಿಟರ್ನ್ ಲೋಡು ಸಿಕ್ಕಿತು, ಎರಡು ಸಲ ಖಾಲಿ ಬಂದೆ. ಒಟ್ಟು ಓಟ 5,600 ಕಿ.ಮೀ., ಒಟ್ಟು ಬಾಡಿಗೆ 2,15,000. ಡೀಸೆಲ್‌ಗೆ 1,13,200, ಟೋಲಿಗೆ 22,000, ಊಟ, ಹಮಾಲಿ, ಬ್ರೋಕರ್ ಕಮಿಷನ್‌ಗೆ 12,000 ಹೋಗಿ ಸುಮಾರು 68,000 ಉಳಿಯಿತು. ಕಂತು ಕಟ್ಟಿದ ಮೇಲೆ ಕೈಯಲ್ಲಿರುವುದು 20,000. ಇದನ್ನು ಲಾಭವೆಂದು ಮನೆಗೆ ಕೊಡಬಹುದೇ? ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1: ಮೂರು ಲಾರಿ, ದಾವಣಗೆರೆ

ತಮ್ಮಾ, ಆ ಹಣವನ್ನು ಸದ್ಯ ಮುಟ್ಟಬೇಡ. ನನಗೂ ಮೊದಲ ಎರಡು ವರ್ಷ ಹೀಗೆಯೇ ಉಳಿಯುತ್ತಿತ್ತು. ಒಂದು ದಿನ ತೊಪ್ಪೂರು ಘಾಟಿ ಇಳಿದು ಲಾರಿ ನಿಲ್ಲಿಸಿ ಟೈರುಗಳ ಮೇಲೆ ಅಂಗೈ ಆಡಿಸಿದಾಗ, ಹಿಂದಿನ ಟೈರುಗಳ ಪೈಕಿ ಆರರಲ್ಲಿ ಗುಂಡಿಯೇ, ಅಂದರೆ ಮೇಲ್ಮೈಯ ಉಬ್ಬೇ ಕೈಗೆ ಸಿಗಲಿಲ್ಲ. ಒಂದರಲ್ಲಂತೂ ತಂತಿ ಬೆರಳಿಗೆ ಚುಚ್ಚಿತು. ಆರನ್ನೂ ಒಟ್ಟಿಗೆ ಹಾಕಿಸಲು ಕೈಸಾಲ ಮಾಡಿದೆ. ಆ ಟೈರು ಒಂದೇ ದಿನ ಸವೆದಿರಲಿಲ್ಲ. ಪ್ರತಿ ಟ್ರಿಪ್ಪಿನಲ್ಲಿಯೂ ಸವೆದಿತ್ತು, ನಾನು ಬರೆದಿಟ್ಟಿರಲಿಲ್ಲ, ಅಷ್ಟೇ.

ಖರ್ಚನ್ನು ಎರಡು ಭಾಗ ಮಾಡು: ಚಕ್ರ ಉರುಳಿದರೆ ಬರುವುದು ಒಂದು, ಲಾರಿ ನಿಂತಿದ್ದರೂ ಬರುವುದು ಇನ್ನೊಂದು. ನನ್ನ ಪುಸ್ತಕದ ಪ್ರಕಾರ ಹತ್ತು ಹೊಸ ಟೈರಿಗೆ 2 ಲಕ್ಷ, ಸವೆದ ಮೇಲೆ ಒಮ್ಮೆ ರೀಟ್ರೆಡ್ ಮಾಡಿಸಲು, ಅಂದರೆ ಹೊಸ ರಬ್ಬರ್ ಪದರ ಹಾಕಿಸಲು 60,000. ಎರಡೂ ಸೇರಿ 1,10,000 ಕಿ.ಮೀ. ಬಾಳಿಕೆ ಬರುತ್ತವೆ. ಅಂದರೆ ಕಿ.ಮೀ.ಗೆ 2 ರೂಪಾಯಿ 36 ಪೈಸೆ, ನಿನ್ನ ಓಟಕ್ಕೆ ಸುಮಾರು 13,200. ಆಯಿಲ್, ಗ್ರೀಸ್, ಬ್ರೇಕ್ ಲೈನರ್, ಕ್ಲಚ್ ಪ್ಲೇಟ್, ಪಾಟಾಗಳಿಗೆ (ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳು) ಕಿ.ಮೀ.ಗೆ 2 ರೂಪಾಯಿಯಂತೆ 11,200. ನಿನ್ನದು ಬಿಎಸ್6 ಗಾಡಿ, ಆದ್ದರಿಂದ ಹೊಗೆ ಶುದ್ಧ ಮಾಡಲು ಹಾಕುವ ಯೂರಿಯಾ ದ್ರಾವಣಕ್ಕೆ 3,500 ಸೇರಿಸು. ನಿನ್ನ ಪಟ್ಟಿಯಲ್ಲಿ ಅದು ಕಾಣಲಿಲ್ಲ.

ಇನ್ನು ನಿಂತ ಖರ್ಚು. 2022ರ ಜೂನ್‌ನಿಂದ 20ರಿಂದ 40 ಟನ್ ವರ್ಗದ ಲಾರಿಗೆ ಥರ್ಡ್ ಪಾರ್ಟಿ ವಿಮೆಯ ಪ್ರೀಮಿಯಂ ಒಂದೇ ವರ್ಷಕ್ಕೆ 43,950 ಆಯಿತು, ನ್ಯಾಷನಲ್ ಪರ್ಮಿಟ್ಟಿಗೆ ವರ್ಷಕ್ಕೆ 16,500 ಇದೆ. ಸ್ವಂತ ಹಾನಿಯ ವಿಮೆ, ತೆರಿಗೆ, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಎಲ್ಲ ಕೂಡಿಸಿ ನಾನು ತಿಂಗಳಿಗೆ 10,000 ಎತ್ತಿಡುತ್ತೇನೆ. ಕಂತನ್ನು ಖರ್ಚೆಂದು ಬರೆಯಬೇಡ, ಅದರಲ್ಲಿ ಅಸಲು ತೀರಿಸುವ ಪಾಲೂ ಇದೆ. ಬರೆಯಬೇಕಾದದ್ದು ಬಡ್ಡಿ, ಈಗ ತಿಂಗಳಿಗೆ 19,500; ಮತ್ತು ಗಾಡಿಯ ಬೆಲೆ ಇಳಿಯುವುದು. ಐದು ವರ್ಷದ ನಂತರ 12 ಲಕ್ಷಕ್ಕೆ ಮಾರಿದೆ ಎಂದುಕೊಂಡರೆ ತಿಂಗಳಿಗೆ 20,000 ಕರಗಿದಂತೆ. ಕೊನೆಯದಾಗಿ ನಿನ್ನ ಸಂಬಳ: ಬೇರೆ ಡ್ರೈವರ್ ಇಟ್ಟಿದ್ದರೆ ಬತ್ತಾ ಸೇರಿ 25,000 ಕೊಡುತ್ತಿದ್ದೆ, ಅದನ್ನು ನಿನಗೂ ಹಾಕಿಕೋ.

ನಿನ್ನ ಪಟ್ಟಿಯ ಡೀಸೆಲ್, ಟೋಲು ಮೊದಲಾದವನ್ನೂ ಸೇರಿಸಿ ಎಲ್ಲ ಕೂಡಿದರೆ ತಿಂಗಳ ನಿಜವಾದ ಖರ್ಚು 2,49,600. ಬಂದದ್ದು 2,15,000. ಸಂಬಳವನ್ನು ಬಿಟ್ಟು ನೋಡಿದರೂ ಒಂಬತ್ತು ಸಾವಿರಕ್ಕೂ ಹೆಚ್ಚು ಕೊರತೆ. ಹೇಳಲು ನನಗೂ ಸಂಕಟವಾಗುತ್ತದೆ, ಆದರೆ ಮೊದಲ ವರ್ಷವೇ ಗೊತ್ತಾಗುವುದು ಒಳ್ಳೆಯದು.

ಉತ್ತರ 2: ಲಾರಿ ಮನೆಯ ಲೆಕ್ಕ, ಚಿತ್ರದುರ್ಗ

ನಮ್ಮ ಯಜಮಾನರ ಲಾರಿಯ ಪುಸ್ತಕ ಬರೆಯುವವಳು ನಾನು. ಮೇಲಿನ ಅಣ್ಣನವರ ಲೆಕ್ಕ ಸರಿಯಾಗಿದೆ. ಅದನ್ನು ಎರಡು ಸಂಖ್ಯೆಗಳಿಗೆ ಇಳಿಸಿಕೊಂಡರೆ ಬಾಡಿಗೆ ಮಾತನಾಡುವಾಗ ಉಪಯೋಗವಾಗುತ್ತದೆ. ನಿಮಗೆ ಓಡಿದರೆ ಕಿ.ಮೀ.ಗೆ ಸುಮಾರು 31 ರೂಪಾಯಿ, ನಿಂತರೂ ಓಡಿದರೂ ದಿನಕ್ಕೆ ಸುಮಾರು 2,480 ರೂಪಾಯಿ. ಬ್ರೋಕರ್ ಒಂದು ಬಾಡಿಗೆ ಹೇಳಿದಾಗ, ಖಾಲಿ ಬರುವ ದೂರವನ್ನೂ ಸೇರಿಸಿ ಕಿ.ಮೀ. ಎಷ್ಟು, ಅನ್‌ಲೋಡಿಗೆ ಕಾಯುವುದೂ ಸೇರಿ ದಿನ ಎಷ್ಟು ಎಂದು ಗುಣಿಸಿ ನೋಡಿ, ಆಮೇಲೆ ಒಪ್ಪಿಕೊಳ್ಳಿ.

ನಿಮ್ಮ ತೊಂದರೆ ಇರುವುದು ಹೋಗುವ ಬಾಡಿಗೆಯಲ್ಲಲ್ಲ, ಖಾಲಿ ಬಂದ ಆ ಎರಡು ಟ್ರಿಪ್ಪುಗಳಲ್ಲಿ. ಆ ಎರಡಕ್ಕೂ ತಲಾ 18,000ದ ಲೋಡು ಸಿಕ್ಕಿದ್ದರೆ, ಹೆಚ್ಚಿನ ಡೀಸೆಲ್ ಕಳೆದರೂ ಕೊರತೆಯ ಬಹುಪಾಲು ತುಂಬುತ್ತಿತ್ತು. ಹಾಗೆಂದು ಸೇಲಂನಲ್ಲಿ ನಾಲ್ಕು ದಿನ ಕಾದು ಕೂರುವುದೂ ಸರಿಯಲ್ಲ, ಏಕೆಂದರೆ ಸುಮಾರು ಹತ್ತು ಸಾವಿರ ಅಲ್ಲಿಯೇ ಹೋಗುತ್ತದೆ, ಊರಿನಲ್ಲಿ ಕಾದಿರುವ ಮೆಕ್ಕೆಜೋಳದ ಲೋಡೂ ತಪ್ಪುತ್ತದೆ. ಕೊರತೆ ತುಂಬಿಸಲು ಗಾಡಿಯ ತೂಕವೂ ಸೇರಿ ಇರುವ 28.5 ಟನ್ನಿನ ಮಿತಿ ಮೀರಿ ಹೇರುವ ಯೋಚನೆಯನ್ನಂತೂ ಮಾಡಲೇಬೇಡಿ. ಬಾಡಿಗೆಯಲ್ಲಿ ಹೆಚ್ಚಿಗೆ ಬಂದದ್ದನ್ನು ಟೈರು ಮತ್ತು ಪಾಟಾ ತಿಂದುಬಿಡುತ್ತವೆ.

ಉತ್ತರ 3: ತೆರಿಗೆ ಸಲಹೆಗಾರ, ಹುಬ್ಬಳ್ಳಿ

ಒಂದು ಎಚ್ಚರಿಕೆ ಮಾತ್ರ. 44ಎಇ ಎಂದು ರೂಢಿಯಲ್ಲಿರುವ ಕ್ರಮದಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ, ಆ ಒಟ್ಟು ತೂಕದ ಟನ್ನಿಗೆ ತಿಂಗಳಿಗೆ 1,000 ರೂಪಾಯಿಯಂತೆ, ನಿಮ್ಮ ಲಾರಿಗೆ ವರ್ಷಕ್ಕೆ 3,42,000 ಆದಾಯವೆಂದು ಹಿಡಿಯುತ್ತಾರೆ. ಅದು ತೆರಿಗೆಯ ಅನುಕೂಲಕ್ಕೆ ಇರುವ ಅಂದಾಜು. ಅದನ್ನೇ ಗಳಿಕೆಯೆಂದು ನಂಬಿ ಮನೆಯ ಖರ್ಚು ಹಾಕಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಆ 20,000ವನ್ನು ಟೈರಿಗೆಂದು ಬೇರೆ ಖಾತೆಗೆ ಹಾಕಿದ್ದೇನೆ. ಮುಂದಿನ ಟ್ರಿಪ್ಪಿಗೆ ಹೊರಡುವ ಮೊದಲೇ ರಿಟರ್ನ್ ಲೋಡಿಗಾಗಿ ಇಬ್ಬರು ಬ್ರೋಕರ್‌ಗಳ ಬಳಿ ಮಾತನಾಡಿದ್ದೇನೆ. ಅನ್‌ಲೋಡಿಗೆ ಕಾಯಿಸಿದರೆ ಎರಡನೆಯ ದಿನದಿಂದ ದಿನಕ್ಕೆ ಹಾಲ್ಟಿಂಗ್ 2,500 ಎಂದು ಬಿಲ್ಟಿಯಲ್ಲಿಯೇ (ಸರಕು ಸಾಗಣೆಯ ರಸೀದಿ) ಬರೆಸುತ್ತೇನೆ.